ಲಂಕೆಯಲ್ಲಿ ಕಂಡ ಲೈನು ಮನೆ

ಲಂಕೆ ಅಂದರೆ ನಮಗೆ ಗೊತ್ತಿದ್ದದ್ದು ನಾಟಕದ ಲಂಕೆ. ಊರ ಮುಂದೆ ಚಪ್ಪರ ಹಾಕಿ ರಾಮಾಯಣ ಆಡುವಾಗ ನಮ್ಮ ಕೇರಿಯವರು ಎಲ್ಲರ ಹಿಂದೆ, ಹುಣಸೆಮರದ ಬುಡದಲ್ಲಿ ಕೂತು ನೋಡಬೇಕಾಗಿತ್ತು. ಅಲ್ಲಿಂದ ರಾವಣನ ಮುಖ ಕಾಣುತ್ತಿರಲಿಲ್ಲ, ಕಿರೀಟ ಮಾತ್ರ ಕಾಣುತ್ತಿತ್ತು. ಚಿನ್ನದ ಲಂಕೆ, ಸುಟ್ಟುಹೋದ ಲಂಕೆ. ಆ ಲಂಕೆಯಲ್ಲಿ ಜನ ಇದ್ದರೆ, ಅವರು ಏನು ಉಣ್ಣುತ್ತಿದ್ದರು, ಯಾರ ಹೊಲ ಗೇಯುತ್ತಿದ್ದರು ಅನ್ನೋದನ್ನು ಯಾವ ನಾಟಕದ ಮೇಷ್ಟ್ರೂ ಹೇಳಲಿಲ್ಲ.

2022ರಲ್ಲಿ ಅದೇ ಲಂಕೆ ಟೀವಿಯಲ್ಲಿ ಬಂತು. ಆ ವರ್ಷದ ಏಪ್ರಿಲಿನಲ್ಲಿ ಹೊರಗಿನ ಸಾಲ ತೀರಿಸೋಕೆ ಆಗಲ್ಲ ಅಂತ ಆ ದೇಶ ಕೈಯೆತ್ತಿತು. ಪೆಟ್ರೋಲಿಗೆ ಸಾಲು, ಗ್ಯಾಸಿಗೆ ಸಾಲು, ಹಾಲಿನ ಪುಡಿಗೆ ಸಾಲು. ಜುಲೈ 9ರಂದು ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿ ಅಲ್ಲಿನ ಕೊಳದಲ್ಲಿ ಈಜಾಡಿದರು. ನಾಲ್ಕೇ ದಿನಕ್ಕೆ ಅಧ್ಯಕ್ಷ ದೇಶ ಬಿಟ್ಟು ಓಡಿದ. ನಮ್ಮೂರ ಟೀ ಅಂಗಡಿಯಲ್ಲಿ ಅದನ್ನು ನೋಡುತ್ತಾ ನಿಂತಿದ್ದ ಹಿರಿಯರೊಬ್ಬರು, "ಪಾಪ, ಬಡ ದೇಶ ಆಗೋಯ್ತಲ್ಲಪ್ಪ ಅದು" ಅಂದರು. ಅವರು ಬೆಳಗಿನ ಜಾವವೇ ಬಂದು ಪಡಿತರದ ಅಕ್ಕಿಗೆ ಸೊಸೈಟಿ ಮುಂದೆ ಚೀಲ ಇಟ್ಟು, ತಮ್ಮ ಸರದಿ ಕಾಯುತ್ತಿದ್ದವರು.

ನಾವು ಅಲ್ಲಿಗೆ ಹೋದದ್ದು 2024ರ ಡಿಸೆಂಬರಿನಲ್ಲಿ. ನಾವು ಅಂದರೆ ಇಬ್ಬರು. ಒಬ್ಬರದು ಹಾಸನದ ಬಯಲು ಕಡೆಯ ಹೊಲಗೇರಿ. ಅವ್ವ ಅಪ್ಪ ವರ್ಷಾವರ್ಷ ಘಟ್ಟ ಹತ್ತಿ ಸಕಲೇಶಪುರದ ಕಡೆ ಕಾಫಿ ಹಣ್ಣು ಕುಯ್ಯೋಕೆ ಹೋಗುತ್ತಿದ್ದರು. ಅಂಥದೊಂದು ತೋಟದ ಲೈನು ಮನೆಯಲ್ಲೇ ನಮ್ಮ ಹುಟ್ಟು. ಇನ್ನೊಬ್ಬ ಸುಳ್ಯದ ರಬ್ಬರು ತೋಟದ ಗೆಳೆಯ. ಅವನಿಗೆ ಮನೆಮಾತು ತಮಿಳು, ಬೀದಿಮಾತು ತುಳು, ಶಾಲೆಮಾತು ಕನ್ನಡ.

ಸುಳ್ಯ, ಪುತ್ತೂರಿನ ರಬ್ಬರು ತೋಟಗಳಿಗೆ ಈ ತಮಿಳರು ಹೇಗೆ ಬಂದರು ಅನ್ನೋದು ಘಟ್ಟದ ಮೇಲಿನ ಬಹಳ ಜನಕ್ಕೆ ಗೊತ್ತಿಲ್ಲ. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಅವರ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಕೂತು ಒಂದು ಲೆಕ್ಕ ಮಾಡಿದರು. ಲಂಕೆಯಲ್ಲಿ ಯಾವ ದೇಶಕ್ಕೂ ಸೇರದೆ ಉಳಿದ ಭಾರತ ಮೂಲದ ಜನ, ಹೆಚ್ಚಾಗಿ ಟೀ ತೋಟದ ಕೂಲಿಗಳು, 9,75,000. ಅದರಲ್ಲಿ 5,25,000 ಭಾರತಕ್ಕೆ, 3,00,000 ಲಂಕೆಗೆ. ಮಿಕ್ಕ 1,50,000 ಜನರದು ಮುಂದೆ ನೋಡೋಣ ಅಂದರು. 1974ರಲ್ಲಿ ಅದನ್ನೂ ಅರ್ಧರ್ಧ ಹಂಚಿಕೊಂಡರು. ಅಣ್ಣತಮ್ಮಂದಿರು ಪಾಲಾಗುವಾಗ ದನ ಹಂಚಿಕೊಳ್ಳೋದನ್ನು ನಾವು ನೋಡಿದ್ದೀವಿ. ಅಲ್ಲೂ ಕರುವನ್ನು ತಾಯಿ ಹಿಂದೆ ಬಿಡುತ್ತಾರೆ. ಇಲ್ಲಿ ಅಕ್ಕ ಒಂದು ದೇಶಕ್ಕೆ, ತಂಗಿ ಒಂದು ದೇಶಕ್ಕೆ ಬಿದ್ದರು.

ಗೆಳೆಯನ ಪಾಟಿ, ಅಂದರೆ ಅವನಪ್ಪನ ಅವ್ವ, ಭಾರತದ ಪಾಲಿಗೆ ಬಿದ್ದವಳು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಡಪಂ ಕ್ಯಾಂಪಿನಲ್ಲಿ ಹೆಸರು ಬರೆಸಿ, ಕೊನೆಗೆ ಸುಳ್ಯದ ಕಾಡಿಗೆ ಬಂದಳು. ತಂಗಿ ಹಟ್ಟನ್ ಹತ್ತಿರದ ತೋಟದಲ್ಲೇ ಉಳಿದಳು. 1983ರ ಗಲಭೆ ಆದಮೇಲೆ ಕಾಗದವೂ ನಿಂತುಹೋಯಿತು.

ಈ ಗೆಳೆಯ ನಮಗೆ ಸಿಕ್ಕಿದ್ದು ಮೈಸೂರಿನ ಒಂದು ಹಾಸ್ಟೆಲ್ಲಿನಲ್ಲಿ. ಅವನ ಹೆಸರು ಹಾಸ್ಟೆಲ್ಲಿನ ರಿಜಿಸ್ಟರಿನಲ್ಲಿ ಇರಲಿಲ್ಲ. ಜಾತಿ ಪ್ರಮಾಣಪತ್ರ ಇಲ್ಲದೆ ಸೀಟಿಲ್ಲ, ಅವನಿಗೆ ಪ್ರಮಾಣಪತ್ರ ಸಿಕ್ಕಿರಲಿಲ್ಲ. ಒಂದು ಕಛೇರಿಯಲ್ಲಿ, "ನಿಮ್ಮಪ್ಪ ಹುಟ್ಟಿದ್ದು ಲಂಕೆಯಲ್ಲಿ, ಲಂಕೆಯಲ್ಲಿ ನಮ್ಮ ಜಾತಿ ಪಟ್ಟಿ ಎಲ್ಲಿದೆ?" ಅಂತ ಕೇಳಿದರಂತೆ. ಊರಲ್ಲಿ ಬೇರೆ ಲೋಟ ಇಡೋಕೆ ಯಾರೂ ಪಟ್ಟಿ ನೋಡಲ್ಲ. ಮೂರು ವರ್ಷ ಅವನು ನಮ್ಮ ಮಂಚದ ಅರ್ಧದಲ್ಲಿ ಮಲಗಿದ, ನಮ್ಮ ತಟ್ಟೆಯ ಅರ್ಧ ಉಂಡ. ಪತ್ರ ಕೈಗೆ ಬರುವಷ್ಟರಲ್ಲಿ ಡಿಗ್ರಿ ಮುಗಿದಿತ್ತು. ಅವನಿಗೊಂದು ಕೆಲಸ ಸಿಕ್ಕಿ ನಾಲ್ಕು ಕಾಸು ಕೂಡಿದ ಮೇಲೆ ಪಾಟಿ ಹೇಳಿದಳಂತೆ: "ತಂಗಿ ಇದಾಳಾ ನೋಡ್ಕೊಂಡು ಬಾ. ಇಲ್ದಿದ್ರೆ ಎಲ್ಲಿ ಮಣ್ಣು ಮಾಡಿದ್ರು ಅಂತಾದ್ರೂ ನೋಡ್ಕೊಂಡು ಬಾ."

ಹಾಗೆ ಹೊರಟವರು ನಾವು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ನಮ್ಮೂರಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹಿಡಿದದ್ದು ಅದಕ್ಕಿಂತ ಹೆಚ್ಚು.

*

ಇಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅಕ್ಷರ. ಸಿಂಹಳದ ಅಕ್ಷರ ನಮ್ಮ ಕನ್ನಡದ್ದರ ಥರಾನೇ ದುಂಡಗಿದೆ. ದೂರದಿಂದ ನೋಡಿದರೆ ಓದಿಬಿಡಬಹುದು ಅನ್ನಿಸುತ್ತೆ, ಹತ್ತಿರ ಹೋದರೆ ಒಂದಕ್ಷರವೂ ದಕ್ಕಲ್ಲ. ಶಾಲೆ ಸೇರಿದ ಮೊದಲ ದಿನ ನಮಗೆ ಕನ್ನಡವೂ ಹೀಗೇ ಕಂಡಿತ್ತು.

ಬಡ ದೇಶ ಅಂತ ಹೋದ ನಾವು ಕೊಲಂಬೊದಲ್ಲಿ ಹುಡುಕಿದ್ದು ನಮಗೆ ಗೊತ್ತಿದ್ದ ಬಡತನವನ್ನು. ಬರಿಗಾಲು, ಹರಕು ಬಟ್ಟೆ, ಚರಂಡಿ ಪಕ್ಕದ ಗುಡಿಸಲು. ಅದು ಅಷ್ಟಾಗಿ ಕಾಣಲಿಲ್ಲ. ಬೆಳಗ್ಗೆ ಬಸ್ಸು ನಿಲ್ಲುವ ಕಡೆಯೆಲ್ಲ ಬಿಳಿ ಯೂನಿಫಾರಂ ಹಾಕಿದ ಮಕ್ಕಳು. ಹೆಣ್ಣುಮಕ್ಕಳು ಎರಡು ಜಡೆ ಹಾಕಿ ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದರು. ಆ ದೇಶದಲ್ಲಿ 1945ರಿಂದಲೇ ಓದು ಬಿಟ್ಟಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಓದು ಬರಹ ಬಲ್ಲವರು. ಗಂಡು ಹೆಣ್ಣು, ಬಡವ ಬಲ್ಲಿದ ಅನ್ನದೆ ವಯಸ್ಸಿಗೆ ಬಂದವರಿಗೆ ವೋಟು ಅಂತ ಶುರುವಾದದ್ದು 1931ರಲ್ಲಿ. ಆಗ ನಮ್ಮ ತಾತಂದಿರು ಜೀತದ ಮನೆಯ ಕೊಟ್ಟಿಗೆಯಲ್ಲಿ ಮಲಗುತ್ತಿದ್ದರು.

ಹಾಗಾದರೆ ಬಡತನ ಎಲ್ಲಿತ್ತು? ಲೋಟದಲ್ಲಿತ್ತು. ಹೋಟೆಲಿನಲ್ಲಿ ಟೀ ಕೇಳಿದರೆ "ಪ್ಲೇನ್ ಟೀನಾ?" ಅಂತ ಮೊದಲೇ ಕೇಳುತ್ತಾರೆ. ಹಾಲಿನ ಪುಡಿ ಬಹಳಷ್ಟು ಹೊರದೇಶದಿಂದ ಬರಬೇಕು, ಡಾಲರ್ ಇಲ್ಲದಾಗ ಮೊದಲು ಕೈಬಿಟ್ಟದ್ದು ಅದೇ. ಜನ ಹಾಲಿಲ್ಲದ ಟೀ ಕುಡಿದು ಕೆಲಸಕ್ಕೆ ಹೋಗುತ್ತಾರೆ. ನಮ್ಮ ಪಕ್ಕ ಕೂತ ಗುಮಾಸ್ತರೊಬ್ಬರು ಹಗಲು ಆಫೀಸು, ರಾತ್ರಿ ಆಟೋ ಅಂದರು. ಪೆಟ್ರೋಲಿಗೆ ಎರಡು ದಿನ ಸಾಲಿನಲ್ಲಿ ನಿಂತದ್ದನ್ನು ಯುದ್ಧಕ್ಕೆ ಹೋಗಿ ಬಂದವರ ಹಾಗೆ ಹೇಳಿದರು. ಇಸ್ತ್ರಿ ಮಾಡಿದ ಅಂಗಿಯೊಳಗಿನ ಬಡತನ ಅದು. ನಾವು ಅದನ್ನು ಹಗುರ ಮಾಡಿ ನೋಡಲಿಲ್ಲ. ಹಸಿವು ಯಾರ ಹೊಟ್ಟೆಯಲ್ಲಿದ್ದರೂ ಹಸಿವೇ.

ಗಾಲ್ ಫೇಸ್ ಅನ್ನೋ ಕಡಲ ದಂಡೆಗೂ ಹೋದೆವು. 2022ರಲ್ಲಿ ಸಾವಿರಾರು ಹುಡುಗರು ತಿಂಗಳುಗಟ್ಟಲೆ ಡೇರೆ ಹಾಕಿ ಕೂತು ಹೋರಾಡಿದ ಜಾಗ. ಹೋರಾಟಕ್ಕೆ ಅವರ ಮಾತು ಅರಗಲಯ. ಅಲ್ಲೊಂದು ಪುಸ್ತಕದ ಡೇರೆ ಇತ್ತು, ಹಾಡಿದರು, ಕವಿತೆ ಓದಿದರು ಅಂತೆಲ್ಲ ಕೇಳಿ ನಮ್ಮ ಮೈ ಜುಮ್ಮೆಂದಿತ್ತು. ಈಗ ಅಲ್ಲಿ ಗಾಳಿಪಟ, ಸಿಗಡಿ ವಡೆ. ವಡೆ ಮಾರುವವನನ್ನು ಕೇಳಿದೆವು, ಏನಾಯ್ತಪ್ಪ ನಿಮ್ಮ ಅರಗಲಯ ಅಂತ. ಅವನಂದ: "ಓಡಿಹೋದವನು ಎರಡೇ ತಿಂಗಳಿಗೆ ವಾಪಸ್ ಬಂದ. ಇಳಿದು ಹೋಗಬೇಕಾದ ರೇಟು ಮಾತ್ರ ಇಳಿಯಲಿಲ್ಲ." ಆದರೂ ಅವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ನಾವು ಹೋಗುವ ಮೂರು ತಿಂಗಳ ಹಿಂದೆ, 2024ರ ಸೆಪ್ಟೆಂಬರಿನಲ್ಲಿ, ಎಡಪಂಥದಿಂದ ಬಂದ ಅನುರ ಕುಮಾರ ದಿಸ್ಸಾನಾಯಕ ಅಧ್ಯಕ್ಷರಾಗಿ ಗೆದ್ದಿದ್ದರು. ಜನ ಕಾಯುತ್ತಿದ್ದರು.

*

ಕೊಲಂಬೊದಿಂದ ಕ್ಯಾಂಡಿಗೆ ಹೋದೆವು. ಹಟ್ಟನ್ನಿಗೆ ನೇರ ರೈಲಿತ್ತು. ಆದರೂ ಕ್ಯಾಂಡಿ ಬಿಟ್ಟು ಹೋಗೋಕೆ ನಮ್ಮ ಮನಸ್ಸು ಒಪ್ಪಲಿಲ್ಲ. 1950ರ ಮೇ ತಿಂಗಳಲ್ಲಿ ಬಾಬಾಸಾಹೇಬರು ಅಲ್ಲಿಗೆ ಬಂದಿದ್ದರು. ವಿಶ್ವ ಬೌದ್ಧರ ಮೊದಲ ಸಮ್ಮೇಳನ ಅದು. ಪುಸ್ತಕದ ಬೌದ್ಧ ಧರ್ಮ ಬದುಕಿನಲ್ಲಿ ಹೇಗಿದೆ ಅಂತ ಕಣ್ಣಾರೆ ನೋಡೋಕೆ ಬಂದವರು ಅವರು. ನಮ್ಮ ಮನೆಯ ಗೋಡೆಯಲ್ಲಿ ಅಂಬೇಡ್ಕರ್ ಪಕ್ಕ ಬುದ್ಧ ಇದ್ದಾನೆ. ಆ ಬುದ್ಧನ ಊರಿಗೆ ಬಂದ ಹಾಗೆ ನಾವು ಕೈಕಾಲು ತೊಳೆದು, ಬಿಳಿ ಅಂಗಿ ಹಾಕಿಕೊಂಡು ದಂತಮಂದಿರಕ್ಕೆ ಹೋದೆವು. ಯಾರೂ ನಮ್ಮನ್ನು ಯಾವ ಜನ ಅಂತ ಕೇಳಲಿಲ್ಲ. ತಾವರೆ ಹೂ ಹಿಡಿದ ಸಾಲಿನಲ್ಲಿ ನಾವೂ ನಿಂತೆವು. ಗುಡಿಯ ಮೆಟ್ಟಿಲು ಹತ್ತುವಾಗ ಬೆನ್ನು ಜುಂ ಅನ್ನದೆ ಹತ್ತಿದ್ದು ಅದೇ ಮೊದಲು.

ಆಗ ಡೋಲು ಶುರುವಾಯಿತು. ಬರಿ ಎದೆ, ಬಿಳಿ ಬಟ್ಟೆ, ನಡುವಿಗೆ ಕೆಂಪು ಪಟ್ಟಿ. ಏನು ಪೆಟ್ಟು ಅದು! ನಮ್ಮ ಕೇರಿಯ ತಮಟೆಯವರು ಮಾರಿಹಬ್ಬದಲ್ಲಿ ಹಾಕುವ ಪೆಟ್ಟು ಕಿವಿಯಲ್ಲಿ ಎದ್ದು ಕೂತಿತು. ಬಾರಿಸುವವರು ಯಾರು ಅಂತ ಪಕ್ಕದಲ್ಲಿದ್ದ ಕಾಲೇಜು ಹುಡುಗನನ್ನು ಕೇಳಿದೆವು. "ಅದು ಅವರ ವಂಶದ ಕೆಲಸ" ಅಂದ. ಸಿಂಹಳರಲ್ಲಿ ಡೋಲಿಗೆ ಬೆರಯ ಅಂತಾರೆ. ಬಾರಿಸುವ ಜಾತಿಗೆ ಬೆರವ. ಬುದ್ಧನ ಹಲ್ಲಿನ ಮುಂದೆ ಶಬ್ದ ಮಾಡೋಕೂ ಒಂದು ಜಾತಿ.

ಹೋಗುವ ಮೊದಲೇ ಒಂದಿಷ್ಟು ಓದಿದ್ದೆವು. ಓದಿದ್ದನ್ನು ನಂಬೋಕೆ ಮನಸ್ಸಿರಲಿಲ್ಲ, ಅಷ್ಟೆ. 1753ರಲ್ಲಿ ಸಯಾಮಿನಿಂದ ಬಂದ ಉಪಾಲಿ ಥೇರರು ಕ್ಯಾಂಡಿಯಲ್ಲಿ ಭಿಕ್ಕುಗಳಿಗೆ ಉಪಸಂಪದೆ ಕೊಟ್ಟು, ನಿಂತುಹೋಗಿದ್ದ ದೀಕ್ಷೆಯನ್ನು ಮತ್ತೆ ನಡೆಸಿದರು. ಹತ್ತು ಹನ್ನೆರಡು ವರ್ಷದಲ್ಲೇ ಅದು ಗೋವಿಗಮರಿಗೆ ಮಾತ್ರ ಅಂತಾಯಿತು. ಗೋವಿಗಮ ಅಂದರೆ ಬೇಸಾಯದ ಮೇಲುಜಾತಿ. ಇವತ್ತಿಗೂ ಆ ಸಯಾಮ್ ನಿಕಾಯದ ದೊಡ್ಡ ವಿಹಾರಗಳಲ್ಲಿ ಅದೇ ನಡೆ. ಆಗ ದಾಲ್ಚಿನ್ನಿ ಸುಲಿಯುವ ಸಲಾಗಮ ಜಾತಿಯ ಭಿಕ್ಕು ಒಬ್ಬರು, ನೀವು ಕೊಡದಿದ್ದರೇನಂತೆ ಅಂತ, 1799ರಲ್ಲಿ ತಮ್ಮವರನ್ನು ಕಟ್ಟಿಕೊಂಡು ಹಡಗು ಹತ್ತಿ ಬರ್ಮಾದ ಅಮರಪುರಕ್ಕೆ ಹೋದರು. ಅಲ್ಲಿ ದೀಕ್ಷೆ ತಗೊಂಡು 1803ರಲ್ಲಿ ಬಂದು ಬೇರೆ ಸಂಘ ಕಟ್ಟಿದರು. ಗೆಳೆಯರೇ, ಬಂಡಾಯ ಅಂದರೆ ಇದಲ್ಲದೆ ಇನ್ನೇನು? ಆದರೆ ಕತೆ ಅಲ್ಲಿಗೆ ಮುಗಿಯಲ್ಲ. ಆ ಬಂಡಾಯದ ಸಂಘವೂ ಮುಂದೆ ಜಾತಿಗೊಂದು ಕವಲಾಗಿ ಒಡೆಯಿತು. ಇದನ್ನು ಓದಿ ನಗೋಕೆ ನಮಗೆ ಬಾಯಿಲ್ಲ. ಎಡ ಬಲ ಅಂತ, ಆ ಬಣ ಈ ಬಣ ಅಂತ ನಾವು ಎಷ್ಟು ಹೋಳಾಗಿದ್ದೀವಿ ಅನ್ನೋದು ಈ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತಗೊಳ್ಳುವಾಗ ಬಾಬಾಸಾಹೇಬರು ಇದ್ದ ಬೌದ್ಧ ಧರ್ಮವನ್ನು ಇದ್ದ ಹಾಗೇ ತಗೊಳ್ಳಲಿಲ್ಲ. ಜನರಿಂದ 22 ಪ್ರತಿಜ್ಞೆ ಮಾಡಿಸಿದರು. ಯಾಕೆ ಮಾಡಿಸಿದರು ಅನ್ನೋದು ನಮಗೆ ಕ್ಯಾಂಡಿಯಲ್ಲಿ ಹೊಳೆಯಿತು. ಬುದ್ಧನನ್ನು ಗುಡಿಯಲ್ಲಿ ಕೂರಿಸಿದರೆ ಜಾತಿ ಹೋಗಲ್ಲ. ಅವನ ಮಾತನ್ನು ಉಣ್ಣುವ, ಕೊಡುವ, ತಗೊಳ್ಳುವ ಕಡೆ ತರಬೇಕು.

ಇನ್ನೂ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬಾಬಾಸಾಹೇಬರು ಕ್ಯಾಂಡಿಯಲ್ಲಿದ್ದ ಆ ದಿನಗಳಲ್ಲಿ, ಅದೇ ಕ್ಯಾಂಡಿಯ ಮೇಲಿನ ಬೆಟ್ಟಗಳಲ್ಲಿ ಸುಮಾರು ಏಳು ಲಕ್ಷ ಜನ ದೇಶವಿಲ್ಲದವರಾಗಿ ಕೂತಿದ್ದರು. 1948ರಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಹೊಸ ಸರ್ಕಾರ ಪೌರತ್ವದ ಕಾಯಿದೆ ತಂದಿತು. ನಿಮ್ಮಪ್ಪ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸಿ ಅಂದಿತು. ಕೂಲಿಯ ಲೈನಿನಲ್ಲಿ ಹುಟ್ಟಿದವರಿಗೆ ಎಲ್ಲಿಯ ಕಾಗದ? ಮರುವರ್ಷ ವೋಟೂ ಹೋಯಿತು. ಇಡೀ ಏಷ್ಯಾದಲ್ಲಿ ಮೊದಮೊದಲು ವೋಟು ಕೊಟ್ಟ ನಾಡು ಅದು. ದೇಶದ ಬೊಕ್ಕಸ ತುಂಬುತ್ತಿದ್ದ ಕೈಯಿಂದಲೇ ಅದನ್ನು ಕಿತ್ತುಕೊಂಡಿತು.

*

ಕ್ಯಾಂಡಿಯಿಂದ ಹಟ್ಟನ್ನಿಗೆ ಮೂರನೇ ದರ್ಜೆಯಲ್ಲಿ ಹೊರಟೆವು. ವಡೆ ಮಾರುವವನು ಬಂದ. ಎದುರು ಕೂತ ಸಿಂಹಳದ ರೈತನೊಬ್ಬ ತಾನು ಕೊಂಡ ವಡೆಯಲ್ಲಿ ನಮಗೂ ಕೊಟ್ಟ. ಪೊಟ್ಟಣ ಬಿಚ್ಚಿದರೆ ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆ. ಭಾಗಾಕಾರ ಮಾಡಿತ್ತು, ಮೇಷ್ಟ್ರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದರು. ಎಣ್ಣೆ ಹತ್ತಿದ ಆ ಹಾಳೆಯನ್ನು ಗೆಳೆಯ ಮಡಿಸಿ ಜೇಬಿಗೆ ಹಾಕಿಕೊಂಡ.

ಆ ರೈಲು ಜನಕ್ಕಾಗಿ ಹಾಕಿದ್ದಲ್ಲ. ಬ್ರಿಟಿಷರು ಕೊಲಂಬೊದಿಂದ ಕ್ಯಾಂಡಿಗೆ 1867ರಲ್ಲಿ ರೈಲು ಓಡಿಸಿದ್ದು ಕಾಫಿ ಇಳಿಸೋಕೆ. ಹೌದು, ಆ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಿಂದ ಎಲೆ ತುಕ್ಕು ರೋಗ ಬಿದ್ದು ಕಾಫಿ ನೆಲ ಕಚ್ಚಿದ ಮೇಲೆ ಟೀ ಬಂತು. ನಮ್ಮ ಸಕಲೇಶಪುರದ ಗಿಡಕ್ಕೂ ಬೀಳುವ ಅದೇ ತುಕ್ಕು. ಗಿಡ ಬದಲಾಯಿತು, ಕೂಲಿ ಬದಲಾಗಲಿಲ್ಲ. ತಮಿಳುನಾಡಿನ ತಿರುಚಿ, ಮದುರೆ, ಸೇಲಂ ಕಡೆಯ ಬರಗಾಲದ ಊರುಗಳಿಂದ ಕಂಗಾಣಿಗಳು ಮುಂಗಡ ಕೊಟ್ಟು ಜನ ಹೊರಡಿಸಿದರು. ಹೋದವರಲ್ಲಿ ಬಹುಪಾಲು ಪಳ್ಳರು, ಪರೆಯರು, ಚಕ್ಕಿಲಿಯರು. ದೋಣಿಯಲ್ಲಿ ಮನ್ನಾರಿಗೆ ಬಂದು, ಅಲ್ಲಿಂದ ಸುಮಾರು ನೂರೈವತ್ತು ಮೈಲಿ ಕಾಡುದಾರಿ ನಡೆದು ಬೆಟ್ಟ ಹತ್ತಿದರು. ಕಾಲರಾ, ಮಲೇರಿಯಾದಲ್ಲಿ ದಾರಿಯಲ್ಲೇ ಸತ್ತವರಿಗೆ ಲೆಕ್ಕವಿಲ್ಲ. ಸಾಲ ಎಷ್ಟಿದೆ ಅಂತ ಬರೆದ ಚೀಟಿಗೆ ತುಂಡು ಅನ್ನುತ್ತಿದ್ದರು. ಆ ತುಂಡು ತೀರಿಸದೆ ಕೂಲಿ ತೋಟ ಬಿಡುವ ಹಾಗಿರಲಿಲ್ಲ. 1921ರವರೆಗೆ ಅದು ನಡೆಯಿತು. ಜೀತ ಅನ್ನೋದಕ್ಕೆ ಊರಿಗೊಂದು ಹೆಸರು, ಅಷ್ಟೆ. ಆ ಜನ ಬಂದು ಇನ್ನೂರು ವರ್ಷವಾಯಿತು ಅಂತ 2023ರಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ತಲೈಮನ್ನಾರಿನಿಂದ ಮಾತಳೆಗೆ ಅದೇ ದಾರಿಯನ್ನು ಮತ್ತೆ ನಡೆದರು.

ನಾವಲಪಿಟಿಯ ದಾಟಿದ ಮೇಲೆ ಟೀ ಬೆಟ್ಟ ಶುರುವಾಯಿತು. ನಿಜ ಹೇಳಬೇಕೆಂದರೆ ಚೆಂದವಿತ್ತು. ಬಾಚಿ ಇಟ್ಟ ತಲೆಯ ಹಾಗೆ ಇಳಿಜಾರು ಪೂರಾ ಹಸಿರು. ವಿದೇಶದ ಪ್ರವಾಸಿಗರು ರೈಲಿನ ಬಾಗಿಲಿಗೆ ಜೋತುಬಿದ್ದು ಫೋಟೋ ತೆಗೆಯುತ್ತಿದ್ದರು. ಹಸಿರಿನ ನಡುವೆ ಬಣ್ಣದ ಚುಕ್ಕೆ ಚುಕ್ಕೆಯಾಗಿ ಹೆಂಗಸರು. ಫೋಟೋದಲ್ಲಿ ಆ ಚುಕ್ಕೆ ಇಲ್ಲದಿದ್ದರೆ ಬೆಟ್ಟ ಸಪ್ಪೆ. ಸಕಲೇಶಪುರದ ಹೋಂ ಸ್ಟೇಗೆ ಬರುವವರೂ ನಮ್ಮವ್ವ ಹಣ್ಣು ಕುಯ್ಯುವುದನ್ನು ಹೀಗೇ ಫೋಟೋ ತೆಗೆದಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಆ ಫೋಟೋ ಎಲ್ಲಿದೆಯೋ, ಯಾರ ಗೋಡೆಯಲ್ಲಿದೆಯೋ.

ಹಟ್ಟನ್ನಿನಲ್ಲಿ ಇಳಿದು, ಬಸ್ಸು ಹತ್ತಿ, ಆಮೇಲೆ ನಡೆದು ತೋಟ ಸೇರುವಾಗ ಮಳೆ ಹನಿಯುತ್ತಿತ್ತು. ಕೇಳಿದ ಮೊದಲ ಮಾತಿಗೇ ನಮಗೆ ಅಲ್ಲಿ ಹೊಸದು ಅನ್ನಿಸಲಿಲ್ಲ. ತೋಟದ ಮ್ಯಾನೇಜರಿಗೆ ಅವರು ದೊರೆ ಅನ್ನುತ್ತಾರೆ. ಬೆಳಗ್ಗೆ ಹಾಜರಿ ಹಾಕುವ ಬಯಲಿಗೆ ಪೆರಟ್ಟುಕಳ. ಹಿಂದೆ ಆ ಹಾಜರಿಗೆ ಜನರನ್ನು ಎಬ್ಬಿಸುತ್ತಿದ್ದದ್ದು ತಪ್ಪು, ಅಂದರೆ ನಮ್ಮ ತಮಟೆಯೇ. ಕ್ಯಾಂಡಿಯಲ್ಲಿ ದೇವರನ್ನು ಎಬ್ಬಿಸುವ ಚರ್ಮ, ಇಲ್ಲಿ ಕೂಲಿಯನ್ನು ಎಬ್ಬಿಸುವ ಚರ್ಮ. ಮನೆಸಾಲಿಗೆ ಲಯಂ ಅನ್ನುತ್ತಾರೆ. ಲೈನು ಅನ್ನೋದೇ ಅವರ ಬಾಯಲ್ಲಿ ಲಯಂ. ನಮ್ಮ ಕಿವಿಗೆ ಅದು ಕುದುರೆ ಲಾಯದ ಹಾಗೆ ಕೇಳಿಸಿತು. ಬಾಗಿಲು ಬಾಗಿ ಒಳಗೆ ಹೋದಾಗ ಕೇಳಿಸಿದ್ದು ಸುಳ್ಳಲ್ಲ ಅನ್ನಿಸಿತು.

ತಂಗಿಪಾಟಿ ಇರಲಿಲ್ಲ. ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವಳ ಮಗಳು ಇದ್ದಳು. ಗೆಳೆಯನಿಗೆ ಅತ್ತೆಯಾಗಬೇಕು. ಅರವತ್ತರ ಹತ್ತಿರ ವಯಸ್ಸು. ನಡುವಿಗೆ ಗೋಣಿ ಸುತ್ತಿ, ಎಲೆ ಚೀಲದ ಹಗ್ಗ ನೆತ್ತಿಗೆ ಕೊಟ್ಟುಕೊಂಡು ಇಳಿದು ಬರುತ್ತಿದ್ದವಳು ಗೆಳೆಯ ತನ್ನ ಪಾಟಿಯ ಹೆಸರು ಹೇಳಿದ ಕೂಡಲೇ ನಿಂತಳು. ಅಳಲಿಲ್ಲ. ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಟೀ ಕಲೆ ಹತ್ತಿ ಕಪ್ಪಾದ ಬೆರಳು. ನಮ್ಮವ್ವನ ಬೆರಳಿನಲ್ಲಿ ಕಾಫಿ ಹಣ್ಣಿನ ಅಂಟು ಹೀಗೇ ಇರುತ್ತದೆ, ಸುಗ್ಗಿ ಮುಗಿದು ಒಂದು ತಿಂಗಳಾದರೂ ಹೋಗಲ್ಲ.

ಹತ್ತಡಿ ಹನ್ನೆರಡಡಿಯ ಒಂದು ಕೋಣೆ. ಮುಂದೊಂದು ಸಣ್ಣ ಪಡಸಾಲೆ, ಅದನ್ನೇ ಅಡ್ಡ ಕಟ್ಟಿ ಅಡಿಗೆಮನೆ. ಮೇಲೆ ತಗಡು. ಹೊಗೆ ಹಿಡಿದ ಗೋಡೆ. ಆರು ಜನ. ಹಿಂಗೋಡೆಯ ಆಚೆ ಇನ್ನೊಂದು ಸಂಸಾರ, ಅಲ್ಲಿ ಮಗು ಕೆಮ್ಮಿದರೆ ಇಲ್ಲಿ ಎಚ್ಚರ. ಸಾಲಿಗೆಲ್ಲ ಒಂದು ನಲ್ಲಿ. ಬಹಳ ವರ್ಷ ಮನೆಗೊಂದು ವಿಳಾಸವೂ ಇರಲಿಲ್ಲ, ಕಾಗದ ಬಂದರೆ ತೋಟದ ಆಫೀಸಿಗೆ ಬರುತ್ತಿತ್ತು, ಅವರು ಕೊಟ್ಟರೆ ಉಂಟು. ಪಾಟಿಯ ಕಾಗದಗಳು ಎಲ್ಲಿ ನಿಂತವು ಅನ್ನೋದು ಆಗ ತಿಳಿಯಿತು.

ಅತ್ತೆ ಟೀ ಕೊಟ್ಟಳು. ಸಕ್ಕರೆಯನ್ನು ಲೋಟಕ್ಕೆ ಹಾಕಲಿಲ್ಲ, ಅಂಗೈಗೆ ಹಾಕಿದಳು. ಒಂದು ಗುಟುಕು, ಒಂದು ನೆಕ್ಕು. ಲೋಕಕ್ಕೆಲ್ಲ ಟೀ ಕಳಿಸುವ ತೋಟದಲ್ಲಿ ನಾವು ಕುಡಿದದ್ದು ಡಸ್ಟು. "ಒಳ್ಳೇ ಎಲೆ ಹಡಗಿಗೆ, ಗುಡಿಸಿದ್ದು ನಮಗೆ" ಅಂದಳು. ಕೂಲಿ ಎಷ್ಟು ಅಂತ ಕೇಳಿದೆವು. ಸಾವಿರ ರೂಪಾಯಿ ಮಾಡಿಸೋಕೆ ವರ್ಷಗಟ್ಟಲೆ ಹೋರಾಡಿ 2021ರಲ್ಲಿ ಆಯಿತಂತೆ. 2024ರಲ್ಲಿ 1350. ಅದು ಅವರ ರೂಪಾಯಿ, ನಮ್ಮ ಲೆಕ್ಕದಲ್ಲಿ ನಾನೂರರ ಒಳಗೆ. ಅದೂ ಹೇಳಿದಷ್ಟು ಕೆಜಿ ಎಲೆ ತೂಗಿದರೆ. ಮಳೆ ಬಂದು ಎಲೆ ನೀರು ಕುಡಿದರೆ ತೂಕದಲ್ಲಿ ಕಳೆಯುತ್ತಾರೆ, ಬಿಸಿಲಿಗೆ ಎಲೆ ಬಾಡಿದರೆ ಕೂಡಿಸಲ್ಲ. 2022ರಲ್ಲಿ ಬಹಳ ಕಷ್ಟವಾಯಿತಾ ಅಂತ ಕೇಳಿದ್ದಕ್ಕೆ ಅತ್ತೆ ಸ್ವಲ್ಪ ಹೊತ್ತು ಯೋಚಿಸಿದಳು.

"ಆಗ ಟೌನಿನವ್ರೂ ನಮ್ ಥರ ಆದ್ರು" ಅಂದಳು.

ಅಷ್ಟೇ ಅಂದದ್ದು. 1974ರ ಸುಮಾರಿಗೆ ರೇಷನ್ನು ಕಡಿದಾಗ ಆ ಲೈನುಗಳಲ್ಲಿ ಜನ ಹಸಿದು ಸತ್ತಿದ್ದರು. ಅದು ಯಾವ ಟೀವಿಯಲ್ಲೂ ಬಂದದ್ದಲ್ಲ. ಪೇಟೆಯ ಬಡತನಕ್ಕೆ ಬಿಕ್ಕಟ್ಟು ಅಂತ ಹೆಸರಾಯಿತು, ಅದಕ್ಕೆ ಶುರು ಕೊನೆ ತಾರೀಖು ಇದೆ, ಸಾಲ ಕೊಡೋರು ಬರುತ್ತಾರೆ. ಲೈನಿನ ಬಡತನಕ್ಕೆ ಹೆಸರೂ ಇಲ್ಲ, ತಾರೀಖೂ ಇಲ್ಲ.

ಆಗ ಪಕ್ಕದ ಮನೆಯ ಮುದುಕ ಬಂದು ಗೆಳೆಯನನ್ನು ಮೆಲ್ಲಗೆ ಕೇಳಿದ, ನಮ್ಮ ಕಡೆ ಕಣ್ಣು ಮಾಡಿ, "ಇವ್ರು ಯಾವ ಆಳುಗ?" ನಮಗೆ ತಮಿಳು ಅಷ್ಟಾಗಿ ಬರದಿದ್ದರೂ ಈ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ. ಗೆಳೆಯ ತಲೆ ತಗ್ಗಿಸಿದ. ನಾವೇ ಹೇಳಿದೆವು, ಕನ್ನಡದಲ್ಲಿ, ನಮ್ಮ ಜಾತಿಯ ಹೆಸರನ್ನು. ಅವನಿಗೆ ತಿಳಿಯಲಿಲ್ಲ, ಸುಮ್ಮನೆ ತಲೆಯಾಡಿಸಿದ. ಮೇಲಿನ ಲೈನು, ಕೆಳಗಿನ ಲೈನು ಅಂತ ಅಲ್ಲೂ ಇತ್ತಂತೆ, ಈಗ ಕಮ್ಮಿಯಂತೆ, ಮದುವೆಗೆ ಮಾತ್ರ ಇದೆಯಂತೆ. "ಈಗ ಕಮ್ಮಿ, ಮದುವೆಗೆ ಮಾತ್ರ." ಈ ಮಾತನ್ನು ನಮ್ಮೂರಲ್ಲೂ ಕೇಳಿ ಕೇಳಿ ಸಾಕಾಗಿದೆ. ಸಮುದ್ರ ದಾಟಿದ ಆ ಜನ ಊರು ಕಳಕೊಂಡರು, ನೆಲ ಕಳಕೊಂಡರು, ವೋಟು ಕಳಕೊಂಡರು, ದೇಶ ಕಳಕೊಂಡರು. ಕಳಕೊಳ್ಳಬೇಕಾದ ಒಂದನ್ನು ಮಾತ್ರ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದರು.

ಸಂಜೆ ಅತ್ತೆಯ ಮಗ ಫೋನಿನಲ್ಲಿ ಸುಳ್ಯಕ್ಕೆ ವೀಡಿಯೊ ಹಚ್ಚಿದ. ಗಾಜಿನಲ್ಲಿ ಪಾಟಿಯ ಮುಖ ಬಂತು. ಐವತ್ತು ವರ್ಷದ ಹತ್ತಿರ ನೋಡದ ಮಗಳು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪಾಟಿ ಕೇಳಿದಳು, "ಮಳೆಯಾ ಅಲ್ಲಿ?" ಮಳೆ ಅಂದಳು ಅತ್ತೆ. "ಅವಳನ್ನ ಎಲ್ಲಿಟ್ರಿ?" ಮೇಲಿನ ಗುಡ್ಡದಲ್ಲಿ ಅಂದಳು. ಮತ್ತೆ ಸುಮ್ಮನಾದರು. ಆಮೇಲೆ ಅತ್ತೆ ಕೇಳಿದಳು: "ದೊಡ್ಡಮ್ಮಾ, ಅಲ್ಲಿ ಮನೆ ನಿಮ್ದೇನಾ?"

ಪಾಟಿ ಅಂದಳು: "ಇಲ್ಲ ಮಗಾ, ತೋಟದ್ದು. ನಿಂದು?"

"ನಮ್ದೂ ತೋಟದ್ದೇ."

ಇಬ್ಬರೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಅಳು ಬಂತು.

ಮರುದಿನ ಗುಡ್ಡ ಹತ್ತಿ ತಂಗಿಪಾಟಿಯ ಗುಂಡಿ ನೋಡಿದೆವು. ಕಲ್ಲಿಲ್ಲ, ಹೆಸರಿಲ್ಲ, ಸುತ್ತ ಟೀ ಗಿಡ. ಗೆಳೆಯ ರೈಲಿನಲ್ಲಿ ಜೇಬಿಗಿಟ್ಟಿದ್ದ ಲೆಕ್ಕದ ಹಾಳೆ ತೆಗೆದು, ಅದರ ಹಿಂದೆ ಜಾಗದ ಗುರುತು ಬರೆದುಕೊಂಡ. ಮೇಲಿನ ನೀರಿನ ಟ್ಯಾಂಕಿನಿಂದ ಎಡಕ್ಕೆ ನಲವತ್ತು ಹೆಜ್ಜೆ.

*

ಬಂದು ವರ್ಷ ತುಂಬುವುದರೊಳಗೆ, 2025ರ ನವೆಂಬರ್ ಕೊನೆಯಲ್ಲಿ, ದಿತ್ವಾ ಚಂಡಮಾರುತ ಆ ಬೆಟ್ಟಗಳ ಮೇಲೆ ಬಿತ್ತು. ಗುಡ್ಡ ಜಾರಿ ನೂರಾರು ಜನ ಸತ್ತರು. ಇಳಿಜಾರಿನಲ್ಲಿ ಕಟ್ಟಿದ ಲೈನುಗಳ ಪಾಡು ಹೇಳಬೇಕಾಗಿಲ್ಲ. ಮೂರು ದಿನ ಫೋನು ಹೋಗಲಿಲ್ಲ. ನಾಲ್ಕನೇ ದಿನ ಅತ್ತೆ ಸಿಕ್ಕಳು, ಶಾಲೆಯಲ್ಲಿ ಇದ್ದೀವಿ ಅಂದಳು. 2015ರಿಂದೀಚೆ ಕೆಲವರಿಗೆ ಏಳು ಪರ್ಚ್, ಅಂದರೆ ಸುಮಾರು 1900 ಚದರಡಿ ನೆಲ, ಅದರಲ್ಲೊಂದು ಸ್ವಂತ ಮನೆ ಕೊಡುವುದು ಶುರುವಾಗಿದೆ. ಅತ್ತೆಯ ಸರದಿ ಬಂದಿಲ್ಲ.

ಲಂಕೆ ಬಡ ದೇಶವೇನಪ್ಪ ಅಂತ ಊರಲ್ಲಿ ಈಗಲೂ ಕೇಳುತ್ತಾರೆ. ನಾವು ಕಂಡದ್ದನ್ನು ಹೇಳುತ್ತೀವಿ: ದೇಶ ಬಡ ಆಗೋದು ಕೆಲವು ವರ್ಷ. ಅದರೊಳಗೆ ಲೈನು ಅನ್ನೋ ಇನ್ನೊಂದು ದ್ವೀಪ ಇದೆ, ಅದು ಯಾವಾಗಲೂ ಬಡ. ಆ ದ್ವೀಪ ನೋಡೋಕೆ ಸಮುದ್ರ ದಾಟಬೇಕಾಗಿರಲಿಲ್ಲ.

ಯಾಕೆಂದರೆ ಈಗ ಸಕಲೇಶಪುರದ ಆ ತೋಟದಲ್ಲಿ, ನಾವು ಹುಟ್ಟಿದ ಲೈನಿನಲ್ಲಿ, ಅಸ್ಸಾಮಿನಿಂದ ಬಂದ ಜನ ಇದ್ದಾರೆ. ಗಂಡ, ಹೆಂಡತಿ, ಕೈಮಗು. ನಮ್ಮವರು ಪೇಟೆಯ ಕೆಲಸಕ್ಕೆ ಹೋದ ಮೇಲೆ ಖಾಲಿಯಾದ ಕೋಣೆ ಅವರಿಗೆ ಸಿಕ್ಕಿದೆ. ಪೇಟೆಯಲ್ಲಿ ಅವರನ್ನು ಬಾಂಗ್ಲಾದವರು ಅನ್ನುತ್ತಾರೆ, ನಿಲ್ಲಿಸಿ ಕಾಗದ ಕೇಳುತ್ತಾರೆ. ಕೇಳುವವರಲ್ಲಿ ನಮ್ಮ ಕೇರಿಯ ಹುಡುಗರೂ ಇದ್ದಾರೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಭೂಮಿಗಾಗಿ, ಕೆರೆಯ ನೀರಿಗಾಗಿ, ಗುಡಿಯ ಬಾಗಿಲಿಗಾಗಿ ನಾವು ಕೂಗಿದ ಘೋಷಣೆ ಈ ಲೈನಿನ ಬಾಗಿಲಿಗೆ ಎಷ್ಟು ಸಲ ಹೋಗಿದೆ? ಊರಿನ ವೋಟರ ಪಟ್ಟಿಯಲ್ಲಿ ಇಲ್ಲದವರು, ಸಂಘದ ಪಟ್ಟಿಯಲ್ಲೂ ಇಲ್ಲ.

ಹೋದ ವಾರ ನಮ್ಮವ್ವ ಆ ಕಡೆ ಹೋಗಿದ್ದಳು. ಆ ಅಸ್ಸಾಮಿನ ಹೆಣ್ಣುಮಗಳಿಗೆ ಒಲೆ ಹಚ್ಚೋಕೆ ಬರುತ್ತಿರಲಿಲ್ಲವಂತೆ, ಮಳೆಗೆ ಸೌದೆ ಹಸಿಯಾಗಿತ್ತಂತೆ. ಅವ್ವ ಕೂತು ಒಲೆ ಹಚ್ಚಿಕೊಟ್ಟು ಬಂದಳು. ಏನು ಮಾತಾಡಿದೆ ಅಂತ ಕೇಳಿದೆವು.

"ಮಾತೆಲ್ಲಿ ತಿಳೀತದೆ. ಮನೆ ಸೋರ್ತದಾ ಅಂತ ಮೇಲೆ ಕೈ ತೋರ್ಸಿ ಕೇಳ್ದೆ. ಸೋರ್ತದೆ ಅಂದ್ಲು" ಅಂದಳು ಅವ್ವ.